ಕೆಂಪೆಲೆ ಮರಕ್ಕೆ ಎರಡು ಸೇರು ಉಪ್ಪು

ಕಲ್ಲುಪ್ಪಿಗೆ ವಾಸನೆ ಇಲ್ಲ ಎನ್ನುವವರು ಅದನ್ನು ಹಸಿ ಗೋಡುಮಣ್ಣಿನ ಮೇಲೆ ಸುರಿದು ನೋಡಿದವರಲ್ಲ. ಹೋದ ತಿಂಗಳು ತಿಪಟೂರಿನ ನಮ್ಮ ಮನೆಯ ಮುಂದೆ ಗಿಡ ನೆಡಲು ಗುಂಡಿ ತೆಗೆಸುತ್ತಿದ್ದೆ. ಬಂದಿದ್ದ ಆಳು ಕೆರೆಯಿಂದ ತಂದ ಗೋಡು ತುಂಬಿ, ನೀರು ಚಿಮುಕಿಸಿ, ನಾನು ಒಳಗೆ ಹೋಗಿ ಅವನಿಗೆ ಕಾಫಿ ತರುವಷ್ಟರಲ್ಲಿ ಉಪ್ಪಿನ ಚೀಲ ಬಿಚ್ಚಿ ಒಂದು ಹಿಡಿ ಆಗಲೇ ಚೆಲ್ಲಿದ್ದ. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಒದ್ದೆ ಮಣ್ಣಿನದ್ದು, ಹಳೆ ಗೋಣಿಯದ್ದು, ಜೊತೆಗೆ ಏನೋ ಒಂದು ಒಗರು...

“ಏಯ್, ನಿಲ್ಸಪ್ಪ!” ಎಂದು ಕೂಗಿದ ರಭಸಕ್ಕೆ ಅರ್ಧ ಕಾಫಿ ಸೀರೆಯ ಮೇಲೆ ಬಿತ್ತು.

ಐವತ್ತು ದಾಟಿದ ಮನುಷ್ಯ, ಈ ಸುತ್ತಿನಲ್ಲಿ ಎಷ್ಟು ತೆಂಗಿನ ಗುಂಡಿ ತೆಗೆದಿದ್ದಾನೋ ಅವನಿಗೇ ಲೆಕ್ಕವಿಲ್ಲ. ನನ್ನನ್ನು ಪಾಪ ಅನ್ನುವಂತೆ ನೋಡಿದ. “ಉಪ್ಪಿಲ್ದೆ ಯಾರಾರ ಗುಂಡಿ ಮುಚ್ತಾರಾ ಅವ್ವಾ?” ಎಂದ. ಇದು ತೆಂಗಲ್ಲ, ಇದಕ್ಕೆ ಉಪ್ಪು ಆಗುವುದಿಲ್ಲ, ಚೆಲ್ಲಿದ ಮಣ್ಣನ್ನೆಲ್ಲ ಕೆರೆದು ಆಚೆ ಹಾಕು ಎಂದೆ. ಗುಂಡಿಯ ಪಕ್ಕದಲ್ಲಿ ಬೆಂಗಳೂರಿನ ನರ್ಸರಿಯಿಂದ ತಂದ ಗಿಡ ಕಪ್ಪು ಕವರಿನಲ್ಲಿ ನಿಂತಿತ್ತು. ಮೂರು ಮೂತಿಯ ಎಲೆ, ಕೆಂಪು ತೊಟ್ಟು. ಅವನು ಗೊಣಗುತ್ತಾ ಮಣ್ಣು ಕೆರೆಯತೊಡಗಿದ. ನಾನು ಸೀರೆಯ ಮೇಲಿನ ಕಾಫಿ ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕುಳಿತೆ. ನಮ್ಮ ಓನರಮ್ಮ ನೆನಪಾದರು.

ಓನರಮ್ಮ ಎಂದರೆ ನಾನು ಮೊದಲ ಸಲ ಕೆಲಸಕ್ಕೆ ಸೇರಿದಾಗ ಬಾಡಿಗೆಗಿದ್ದ ಮನೆಯ ಒಡತಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಒಂದು ಊರು, ಅಲ್ಲಿನ ಶಾಲೆಗೆ ಟೀಚರಾಗಿ ಹೋಗಿದ್ದೆ. ಇಪ್ಪತ್ಮೂರು ವರ್ಷ ವಯಸ್ಸು, ಕೆಂಕೆರೆ ಕಡೆಯ ತೆಂಗಿನ ತೋಟದವರ ಮಗಳು, ಕೈಯಲ್ಲೊಂದು ಟ್ರಂಕು, ತಲೆಯಲ್ಲಿ ಪ್ರಪಂಚವೆಲ್ಲ ಗೊತ್ತೆನ್ನುವ ಜಂಬ. ಅವರ ದೊಡ್ಡ ಮನೆಯ ಪಡಸಾಲೆಗೆ ಅಂಟಿಕೊಂಡ ಕೋಣೆ ನನ್ನದಾಯಿತು. ಊಟವೂ ಅಲ್ಲೇ. ಓನರಮ್ಮನಿಗೆ ಆಗ ನಲವತ್ತೈದರ ಹತ್ತಿರವಿರಬೇಕು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಟ್ಟಿ ದನಿ, ಗಂಡಸರಂತೆ ದಾಪುಗಾಲು.

ಮನೆಯ ಅಟ್ಟದ ತುಂಬ ಕೊಬ್ಬರಿಗಿಟ್ಟ ಕಾಯಿ. ವರ್ಷದ ಹತ್ತಿರ ಒಣಗಬೇಕು, ಒಳಗಿನ ನೀರು ಇಂಗಿ ಉಂಡೆ ಕಳಚಿಕೊಳ್ಳಬೇಕು. ಯಾವ ಕಾಯಿ ಸುಲಿಯುವುದಕ್ಕೆ ಬಂದಿದೆ ಎನ್ನುವುದನ್ನು ಓನರಮ್ಮ ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ ಹೇಳಿಬಿಡುತ್ತಿದ್ದರು. “ಇದು ಆಯ್ತು. ಇದು ಇನ್ನಾ ತಿಂಗ್ಳು ಬೇಕು.” ತಪ್ಪಿದ್ದನ್ನು ನಾನು ನೋಡಲಿಲ್ಲ. ಅವರ ಯಜಮಾನರು ಕೊಬ್ಬರಿ ವ್ಯಾಪಾರದಲ್ಲಿ ಪಳಗಿದವರು, ಆದರೆ ಅಟ್ಟದ ವಿಷಯಕ್ಕೆ ಅವರೂ ಹೆಂಡತಿಯ ಕಿವಿಯನ್ನೇ ನಂಬುತ್ತಿದ್ದರು.

ನನಗೊಬ್ಬಳು ಪತ್ರದ ಗೆಳತಿ ಇದ್ದಳು. ಆಗ ಅದೊಂದು ಹುಚ್ಚು. ಕೆನಡಾದ ಯಾವುದೋ ಊರಿನಲ್ಲಿ ನನ್ನ ಹಾಗೇ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಕಾಲೇಜಿನ ದಿನಗಳಿಂದ ಎರಡು ಮೂರು ತಿಂಗಳಿಗೊಮ್ಮೆ ಕಾಗದ ಬರುತ್ತಿತ್ತು. ಒಂದು ಸಲ ಕಾಗದದ ಮಡಿಕೆಯಲ್ಲಿ ಅವರ ಮನೆ ಮುಂದಿನ ಮೇಪಲ್ ಮರದ ಎಲೆ ಇಟ್ಟು ಕಳಿಸಿದಳು. ಒಣಗಿದ್ದರೂ ಕುಂಕುಮದಂಥ ಕೆಂಪು. ನಾನು ಜಗಲಿಯ ಮೇಲೆ ಓದುತ್ತಾ ಕುಳಿತಿದ್ದಾಗ ಓನರಮ್ಮ ಅದನ್ನು ಎತ್ತಿಕೊಂಡರು. ಹೆಬ್ಬೆರಳಿಗೆ ಉಗುಳು ಹಚ್ಚಿ ಎಲೆಯ ಮೇಲೆ ಉಜ್ಜಿ ಬೆರಳು ನೋಡಿಕೊಂಡರು.

“ಬಣ್ಣ ಬಳ್ದಿಲ್ವಾ ಟೀಚರೇ?”

ಇಲ್ಲ, ಅಲ್ಲಿ ಮರಕ್ಕೆ ಮರವೇ ಹೀಗೆ ಕೆಂಪಾಗುತ್ತದೆ, ಮನೆಯ ಮುಂದೆ ಅದಕ್ಕಾಗಿಯೇ ನೆಡುತ್ತಾರೆ ಎಂದೆ. ಕಾಯಿ ಏನು ಬಿಡುತ್ತದೆ ಎಂದು ಕೇಳಿದರು. ತಿನ್ನುವಂಥದ್ದು ಏನೂ ಇಲ್ಲ ಎಂದೆ. ಸೋಗೆ? ಇಲ್ಲ. ಎಣ್ಣೆ? ಇಲ್ಲ. ಬರೀ ನೋಡೋದಕ್ಕಾ ಎಂದರು. ಹೂಂ, ಬರೀ ನೋಡೋದಕ್ಕೆ. ಎಲೆಯನ್ನು ನನಗೆ ವಾಪಸು ಕೊಡಲು ಅವರಿಗೆ ಮನಸ್ಸೇ ಬರಲಿಲ್ಲ. ನಾಲ್ಕು ದಿನ ಬಿಟ್ಟು ನನ್ನ ಬಾಗಿಲಿಗೆ ಬಂದು, ಅದರ ಬೀಜ ತರಿಸುವುದಕ್ಕಾಗುತ್ತದಾ ಎಂದು ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಬೀಜ ಬಂದವು. ನನ್ನ ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಮುಂಗಾರು ಹಿಡಿದಿತ್ತು. ಲಕೋಟೆಯೊಳಗೆ ಎಂಟು ಬೀಜ, ಪ್ರತಿಯೊಂದಕ್ಕೂ ಈಸಲು ಹುಳದ ರೆಕ್ಕೆಯಂಥ ಒಂದು ರೆಕ್ಕೆ. ಯಜಮಾನರು ಹುಳ ಕಳಿಸಿದ್ದಾಳೆ ಎಂದು ನಕ್ಕರು. ಓನರಮ್ಮ ಒಂದನ್ನು ಜಗಲಿಯಿಂದ ಮೇಲಕ್ಕೆ ತೂರಿದರು, ಅದು ಗಿರಗಿರ ಸುತ್ತುತ್ತಾ ಇಳಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದರು. ಆಮೇಲೆ ಆ ಒಂದು ಬೀಜಕ್ಕಾಗಿ ಅಂಗಳವೆಲ್ಲ ಹುಡುಕಿದೆವು, ಸಿಗಲಿಲ್ಲ. ಉಳಿದ ಏಳನ್ನು ಕರಟಗಳಿಗೆ ನಾರಿನ ಪುಡಿ, ಗೋಡು ತುಂಬಿ ಒಂದೊಂದಾಗಿ ಹಾಕಿದರು. ಮೂರು ಮೊಳೆತವು. ಒಂದನ್ನು ಕೋಳಿ ಕುಕ್ಕಿತು, ಒಂದು ಸುಮ್ಮನೆ ಒಣಗಿತು. ಉಳಿದ ಒಂದರಲ್ಲಿ ಹೊಸ ಎಲೆ ಬಂದಾಗ ಅದರ ತುದಿ, ತೊಟ್ಟು ಎಲ್ಲ ಕೆಂಪು! ಓನರಮ್ಮ ಕರಟವನ್ನು ಎರಡು ಕೈಯಲ್ಲಿ ಹಿಡಿದು ಅಡುಗೆಮನೆ, ಕೊಟ್ಟಿಗೆ, ಪಕ್ಕದ ಮನೆ ಎಲ್ಲ ಕಡೆ ತೋರಿಸಿಕೊಂಡು ಬಂದರು.

ಎಲ್ಲಿ ನೆಡುವುದು ಎನ್ನುವಲ್ಲಿ ತಕರಾರು ಬಂತು. ಮನೆಯ ಮುಂದೆ, ಬಾಗಿಲಿಗೆ ನೇರವಾಗಿ, ಸಿಡಿಲು ಬಡಿದು ಹೋದ ಒಂದು ತೆಂಗಿನ ಮರದ ಜಾಗ ಖಾಲಿ ಇತ್ತು. ಓನರಮ್ಮನ ಕಣ್ಣು ಅದರ ಮೇಲೆ. ಯಜಮಾನರು ಆ ಜಾಗಕ್ಕೆಂದೇ ಒಳ್ಳೆಯ ತಾಯಿಮರದ ಕಾಯಿ ಹುಡುಕಿ ಸಸಿ ಮಾಡಿಟ್ಟಿದ್ದರು. “ಹೂವಿಲ್ಲ, ಕಾಯಿಲ್ಲ. ಎಲೆ ನೋಡಕ್ಕೆ ಒಂದು ಮರ ಅಂತೀಯಲ್ಲೇ, ಊರವ್ರು ಏನಂತಾರೆ?” ಎಂದರು. ಅವರು ಕೆಟ್ಟವರಲ್ಲ. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು, ನನ್ನ ಅಪ್ಪನೂ.

ಓನರಮ್ಮ ಅಂದು ಊಟಕ್ಕೆ ಬಡಿಸುತ್ತಾ ಹೇಳಿದ ಮಾತು ನನಗೆ ಇವತ್ತಿಗೂ ಹಾಗೆಯೇ ಕಿವಿಯಲ್ಲಿದೆ. “ಹದಿನಾಕು ವರ್ಸಕ್ಕೆ ಈ ಮನೆಗೆ ಬಂದೆ. ಇಲ್ಲಿ ಬೆಳೆಯೋದೆಲ್ಲಾ ಮಾರಕ್ಕೆ. ಒಂದು ನೋಡಕ್ಕೆ ಇರ್ಲಿ ಬುಡಿ.” ಯಜಮಾನರು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದರು. ಕೊನೆಗೆ ಒಪ್ಪಂದವಾಯಿತು. ಮುಂದಿನ ಮುಂಗಾರಿಗೆ ಗಿಡ ನೆಲಕ್ಕೆ ಇಳಿಯಲಿ, ಅದಾದ ಮೇಲಿನ ಯುಗಾದಿಗೆ ಹಸಿರಾಗಿ ನಿಂತಿದ್ದರೆ ಜಾಗ ಅದರದ್ದು. ಇಲ್ಲದಿದ್ದರೆ ತೆಂಗು, ಮತ್ತೆ ಆ ಮಾತು ಎತ್ತುವಂತಿಲ್ಲ. ಓನರಮ್ಮ ಹೂಂ ಎಂದರು.

ನೆಡುವ ಕ್ರಮವನ್ನು ಗೆಳತಿ ಒಂದು ಪುಟದ ತುಂಬ ಬರೆದಿದ್ದಳು. ಗುಂಡಿ ಆಳಕ್ಕಿಂತ ಅಗಲವಿರಲಿ, ಕಾಂಡದ ಕುತ್ತಿಗೆ ಮಣ್ಣಲ್ಲಿ ಹೂಳಬೇಡಿ, ಬುಡ ಸದಾ ತೇವವಿರಲಿ, ತರಗೆಲೆ ಹೊದಿಸಿ ಆದರೆ ಕಾಂಡಕ್ಕೆ ತಾಗಿಸಬೇಡಿ, ಮಧ್ಯಾಹ್ನದ ಬಿಸಿಲು ತಪ್ಪಿಸಿ. ನಾನು ಜಗಲಿಯ ಮೇಲೆ ಕುಳಿತು ಪಾಠ ಮಾಡುವ ಗತ್ತಿನಲ್ಲಿ ಕನ್ನಡ ಮಾಡಿ ಹೇಳಿದೆ. ಓನರಮ್ಮ ಎರಡು ಸಲ ಓದಿಸಿದರು. ಕೊನೆಯಲ್ಲಿ ನಾಲ್ಕು ಸಾಲು ಬಿಟ್ಟೆ. ಅವರ ಊರಲ್ಲಿ ಹಿಮ ಬೀಳುವುದು, ಅದನ್ನು ಕರಗಿಸಲು ರಸ್ತೆಗೆ ಏನೋ ಸುರಿಯುವುದು, ಇಂಥದ್ದೇ ಮಾತು. ತಿಪಟೂರಿನ ಹತ್ತಿರ ಹಿಮದ ಸುದ್ದಿ ಯಾರಿಗೆ ಬೇಕು ಎಂದು ಕಾಗದ ಮಡಿಸಿಟ್ಟೆ.

ಮರುವರ್ಷದ ಮುಂಗಾರಿಗೆ ಗಿಡ ನೆಟ್ಟು ಗುಂಡಿ ಮುಚ್ಚುವಾಗ ಓನರಮ್ಮ ಕೈ ನಿಲ್ಲಿಸಿ, “ಉಪ್ಪು?” ಎಂದರು.

ನಮ್ಮ ಕಡೆ ತೆಂಗಿನ ಗುಂಡಿಗೆ ಉಪ್ಪು ಹಾಕಬೇಕೆಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಡೆಯುವುದನ್ನು ಕಲಿತಂತೆ ಅದನ್ನೂ ಕಲಿತಿರುತ್ತೇವೆ. ನೆಡುವಾಗ ಉಪ್ಪು, ಗೆದ್ದಲು ಬಂದರೆ ಉಪ್ಪು, ಗರಿ ಹಳದಿಯಾದರೆ ಇನ್ನೂ ಒಂದಿಷ್ಟು ಉಪ್ಪು. ನನಗೂ ಕೈ ತುರಿಸಿತು, ಆದರೆ ಕಾಗದದಲ್ಲಿ ಹಾಕಿ ಎಂದು ಬರೆದಿಲ್ಲ ಎಂದೆ. ಅವರು ತಕ್ಷಣ ಒಪ್ಪಿದರು. “ಅವ್ರ ಮರ, ಅವ್ರು ಹೇಳ್ದಂಗೇ ಆಗ್ಲಿ.” ಓದು ಬಾರದ ಹೆಂಗಸು ಆ ಕಾಗದವನ್ನು ನನಗಿಂತ ಚೆನ್ನಾಗಿ ನಂಬಿದ್ದರು.

ಗಿಡ ಬಂತು! ಮಳೆಗಾಲ ಮುಗಿಯುವಷ್ಟರಲ್ಲಿ ಮೊಣಕಾಲುದ್ದ. ಬುಡದ ಸುತ್ತ ತೆಂಗಿನ ಸಿಪ್ಪೆ ಕವುಚಿ, ಪಡುವಲ ಕಡೆಗೆ ಸೋಗೆಯ ತಟ್ಟಿ ಕಟ್ಟಿ, ಪಾತ್ರೆ ತೊಳೆದ ನೀರಲ್ಲ, ಬಾವಿಯ ನೀರನ್ನೇ ಸೇದಿ ಹಾಕುತ್ತಿದ್ದರು. ಅಟ್ಟದಿಂದ ಇಳಿದು ಬಂದವರು ಸೆರಗಿನ ದೂಳು ಕೊಡವಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವರು. “ಇದನ್ನ ಅಲ್ಲಾಡ್ಸಿ ನೋಡಕ್ಕಾಗಲ್ಲವಲ್ಲಾ ಕಣ್ರೀ. ಒಳಗೇನ್ ನಡೀತೈತೋ,” ಎಂದು ನಗುವರು. ಧನುರ್ಮಾಸದ ಚಳಿಯಲ್ಲಿ ಎರಡೇ ಎರಡು ಎಲೆ ಅಂಚಿನಿಂದ ಕೆಂಪಾಗಿ ಬಂದವು. ಆ ಬೆಳಿಗ್ಗೆ ಅವರು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿದ್ದರು... ಬಳೆ ಒತ್ತಿದ ಗುರುತು ಸಂಜೆಯವರೆಗೂ ಇತ್ತು.

ಶಿವರಾತ್ರಿ ಕಳೆದ ಮೇಲೆ ಓನರಮ್ಮನ ತವರೂರು ಸಂಪಿಗೆಯಿಂದ ಸುದ್ದಿ ಬಂತು. ಅವರ ತಾಯಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಓನರಮ್ಮ ಹೊರಟರು. ಬಸ್ಸಿಗೆ ಹೊತ್ತಾದರೂ ಗಿಡದ ಹತ್ತಿರ ನಿಂತು, “ಟೀಚರೇ, ಯುಗಾದಿಗೆ ಇನ್ನಾ ಮೂರ್ನಾಕು ವಾರ. ನಿಮ್ಮನ್ನೇ ನಂಬೀವ್ನಿ ಕಣ್ರೀ,” ಎಂದರು. ನಾನಿದ್ದೇನಲ್ಲ, ನೀವು ಆರಾಮಾಗಿ ಹೋಗಿಬನ್ನಿ ಎಂದೆ. ಆ ದಿನಗಳಲ್ಲಿ ನನ್ನ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಮಾತೇ ಅದು.

ಆ ವರ್ಷ ಬಿಸಿಲು ಬೇಗ ಏರಿತು. ಅವರು ಹೋಗಿ ಹತ್ತು ದಿನಕ್ಕೆ ಎಲೆಗಳು ಹಳದಿಯಾದವು, ಅಂಚು ಸುಟ್ಟಂತೆ ಕಂದಾಯಿತು. ಎರಡು ಹೊತ್ತು ನೀರು ಹಾಕಿದೆ, ತಟ್ಟಿ ಸರಿಮಾಡಿದೆ, ಏನೂ ಆಗಲಿಲ್ಲ. ನನಗೆ ದಿಗಿಲಾಯಿತು. ದಿಗಿಲಾದಾಗ ಓದಿದ್ದು ನೆನಪಿಗೆ ಬರುವುದಿಲ್ಲ, ಅಪ್ಪ ಮಾಡುತ್ತಿದ್ದದ್ದು ನೆನಪಿಗೆ ಬರುತ್ತದೆ. ಹಳದಿ ಕಂಡರೆ ಅಪ್ಪ ಏನು ಮಾಡುತ್ತಿದ್ದರು? ಒಂದು ಭಾನುವಾರ, ಯಜಮಾನರು ತಿಪಟೂರಿಗೆ ಹೋಗಿದ್ದಾಗ, ಕೊಟ್ಟಿಗೆಯ ಮೂಲೆಯಲ್ಲಿ ತೋಟಕ್ಕೆಂದು ಇಟ್ಟಿದ್ದ ಮೂಟೆಯಿಂದ ಎರಡು ಸೇರು ಕಲ್ಲುಪ್ಪು ಅಳೆದು ತಂದೆ. ಸಿಪ್ಪೆ ಸರಿಸಿ, ಬುಡದ ಸುತ್ತ ಹರಡಿ, ನಾಲ್ಕು ಕೊಡ ನೀರು ಹಾಕಿದೆ. ಆ ವಾಸನೆ ಎದ್ದಾಗ ನನಗೆ ಧೈರ್ಯ ಬಂತು, ನಮ್ಮ ತೋಟದ ವಾಸನೆಯಲ್ಲವೇ. ಇನ್ನು ಸರಿಹೋಗುತ್ತದೆ ಎಂದು ಕೈ ತೊಳೆದುಕೊಂಡು ನೋಟ್ಸು ಬರೆಯಲು ಕುಳಿತೆ.

ಮೊಣಕಾಲುದ್ದದ ಗಿಡಕ್ಕೆ ಎರಡು ಸೇರು... ಒಂದು ವಾರದಲ್ಲಿ ಒಂದು ಎಲೆ ಉಳಿಯಲಿಲ್ಲ. ಟ್ರಂಕು ತೆರೆದು ಆ ಕಾಗದವನ್ನು ಮತ್ತೆ ಓದಿದೆ. ನಾನು ಬಿಟ್ಟಿದ್ದ ನಾಲ್ಕು ಸಾಲು ಅಲ್ಲೇ ಇದ್ದವು. ಹಿಮ ಕರಗಲೆಂದು ಚಳಿಗಾಲದಲ್ಲಿ ನಮ್ಮ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಬೇರಿಗೆ ಇಳಿದು ರಸ್ತೆ ಬದಿಯ ಮೇಪಲ್‌ಗಳು ಅಂಚು ಸುಟ್ಟು ಸಾಯುತ್ತವೆ, ನಿಮ್ಮಲ್ಲಿ ಹಿಮವಿಲ್ಲ, ನಿಮ್ಮ ಗಿಡ ಪುಣ್ಯ ಮಾಡಿದೆ ಎಂದು ಬರೆದಿದ್ದಳು.

ಓನರಮ್ಮ ಯುಗಾದಿಗೆ ನಾಲ್ಕು ದಿನವಿರುವಾಗ ಬಂದರು. ಕೈಚೀಲವನ್ನೂ ಇಳಿಸದೆ ಗಿಡದ ಮುಂದೆ ನಿಂತರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕಾಂಡವನ್ನು ಉಗುರಿನಿಂದ ಕೆರೆದರು. ಹಸಿರಿರಲಿಲ್ಲ. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಬಿಸಿಲು ಜಾಸ್ತಿಯಾಯಿತು ಎಂದು ಹೇಳಲು ಬಾಯಿ ತೆರೆದಿದ್ದೆ, ನಿಜ. ಅಷ್ಟರಲ್ಲಿ ಯಜಮಾನರು ಬಂದು ಬುಡದ ಮಣ್ಣು ಕೆದಕಿದರು. ಅಂಚಿನಲ್ಲಿ ಬೆಳ್ಳಗೆ ಕಂಡಿತು. ಒಂದು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡು ಉಗಿದರು.

“ಉಪ್ಪು. ಯಾರು ಹಾಕಿದ್ದು?”

ಆ ಮನೆಯಲ್ಲಿ ಗಿಡಕ್ಕೆ ಕೈ ಹಚ್ಚುತ್ತಿದ್ದವರು ಇಬ್ಬರೇ. ಓನರಮ್ಮ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ... ಅವರು ಆ ಒಣ ಕಡ್ಡಿಯನ್ನೇ ನೋಡುತ್ತಾ, “ನಾನೇ ಹಾಕಿದ್ದು,” ಎಂದರು. “ಊರಿಗೆ ಹೋಗೋ ದಿವ್ಸ. ತೆಂಗಿಗೆ ಹಾಕ್ದಂಗೆ ಹಾಕ್ಬುಟ್ಟೆ.”

ಯಜಮಾನರು ಗಟ್ಟಿಯಾಗಿ ನಕ್ಕರು. “ಆಹಾ, ವರ್ಸೆಲ್ಲಾ ಸಾಕಿ ಕೈಯಾರೆ ಉಪ್ಪು ತಿನ್ಸಿದ್ಯಲ್ಲೇ!” ಎಂದರು. ಯುಗಾದಿಯ ಮರುದಿನ ಅಲ್ಲಿ ತೆಂಗಿನ ಸಸಿ ನೆಟ್ಟರು. ಓನರಮ್ಮ ತಾವೇ ಮಣ್ಣು ಎಳೆದರು, ತಾವೇ ಉಪ್ಪು ಹಾಕಿದರು. ನನ್ನ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮತ್ತೆ ಎರಡು ವರ್ಷ ಅದೇ ಮನೆಯಲ್ಲಿದ್ದೆ, ಅವರ ಕೈಯ ಊಟ ಉಂಡೆ. ಮನೆಗೆ ಯಾರೇ ನೆಂಟರು ಬರಲಿ, ಯಜಮಾನರಿಗೆ ಈ ಕತೆ ಹೇಳದಿದ್ದರೆ ಊಟ ಇಳಿಯುತ್ತಿರಲಿಲ್ಲ. “ಫಾರಿನ್ ಮರಕ್ಕೆ ಉಪ್ಪು ತಿನ್ಸಿದೋಳು ಕಣ್ರೀ ಇವ್ಳು.” ಎಲ್ಲರೂ ನಗುವರು. ಓನರಮ್ಮನೂ ನಗುವರು. ಅಟ್ಟದ ಕಾಯಿಯನ್ನು ಅಲ್ಲಾಡಿಸಿ ಒಳಗಿನದನ್ನು ಹೇಳುತ್ತಿದ್ದ ಹೆಂಗಸನ್ನು, ಒಂದು ಗಿಡ ಸಾಕಲು ಬಾರದವಳೆಂದು ಊರೆಲ್ಲ ನಗುವಾಗ ನಾನು ಅಲ್ಲೇ, ಅದೇ ಪಂಕ್ತಿಯಲ್ಲಿ, ಅನ್ನ ಕಲಸುತ್ತಾ ಕುಳಿತಿರುತ್ತಿದ್ದೆ. ನನಗೇನೂ ಆಗುತ್ತಿರಲಿಲ್ಲ, ಹೇಳಿದ್ದರೆ. ಮನೆ ಬಿಡಿಸುತ್ತಿರಲಿಲ್ಲ, ಕೆಲಸ ಹೋಗುತ್ತಿರಲಿಲ್ಲ. ಟೀಚರಮ್ಮನಿಗೆ ಎಲ್ಲಾ ಗೊತ್ತು ಎನ್ನುವ ಹೆಸರೊಂದು ಹೋಗುತ್ತಿತ್ತು. ಆಗ ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ, ಅದು ಓನರಮ್ಮನಿಗೆ ಗೊತ್ತಿತ್ತು. ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ತಪ್ಪು ಒಪ್ಪಿಕೊಳ್ಳುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಲಿಲ್ಲ.

ವರ್ಗವಾಗಿ ಚಿಕ್ಕನಾಯಕನಹಳ್ಳಿ ಕಡೆಗೆ ಹೊರಟ ದಿನ ಅವರು ಬಸ್ಸಿನವರೆಗೆ ಬಂದರು. ಹೇಳಲೇಬೇಕೆಂದು ಹಿಂದಿನ ದಿನವೆಲ್ಲ ಮಾತು ಜೋಡಿಸಿದ್ದೆ. “ಓನರಮ್ಮಾ, ಆ ಗಿಡ...” ಎಂದೆ. ಅವರು ನನ್ನ ತಲೆ ಸವರಿ, “ಹೋಗ್ಲಿ ಬುಡಿ ಟೀಚರೇ. ಎರಡು ಎಲೆ ಕೆಂಪಾಗಿದ್ವಲ್ಲಾ, ನೋಡುದ್ವಲ್ಲಾ,” ಎಂದರು. ಬಸ್ಸು ಬಂತು, ನಾನು ಹತ್ತಿದೆ.

ಆಮೇಲೆ ಮದುವೆ, ಮಕ್ಕಳು, ಊರಿಂದೂರಿಗೆ ವರ್ಗ. ಈ ಬೇಸಿಗೆ ಹೋಗಿ ಹೇಳಿಬರುತ್ತೇನೆ, ಮುಂದಿನ ಬೇಸಿಗೆ ಹೋಗುತ್ತೇನೆ ಎಂದು ವರ್ಷಗಳು ಸರಿದವು. ಕೊನೆಗೆ ಅರಳಗುಪ್ಪೆಯಲ್ಲಿ ಒಂದು ಮದುವೆಗೆ ಬಂದವಳು ಅಲ್ಲಿಂದ ನೇರ ಆ ಮನೆಗೆ ಹೋದೆ. ಬಾಗಿಲಿಗೆ ನೇರವಾಗಿ ತೆಂಗಿನ ಮರ ಗೊನೆ ತುಂಬಿ ನಿಂತಿತ್ತು. ಸೊಸೆ ಹೊರಗೆ ಬಂದಳು. ಅತ್ತೆ ಹೋದ ಕಾರ್ತಿಕದಲ್ಲಿ ಶಿವನ ಪಾದ ಸೇರಿದರು ಎಂದಳು. ನೀವು ಟೀಚರಾ, ಅತ್ತೆ ನಿಮ್ಮ ವಿಷಯ ಹೇಳೋರು ಎಂದು ಆ ಮರದಿಂದಲೇ ಎಳನೀರು ಇಳಿಸಿ ಕೊಟ್ಟಳು. ನೀರು ಬಹಳ ಸಿಹಿಯಾಗಿತ್ತು. ಕುಡಿಯಲು ಬಹಳ ಹೊತ್ತು ಹಿಡಿಯಿತು.

ಈಗ ನನಗೂ ಒಂದು ಮನೆ, ಮನೆಯ ಮುಂದೆ ಒಂದು ಜಾಗ. ಬೆಂಗಳೂರಿನ ನರ್ಸರಿಯಲ್ಲಿ ಕೆಂಪು ತೊಟ್ಟಿನ ಆ ಗಿಡ ಕಂಡಾಗ ಎರಡು ಮಾತಾಡದೆ ಕೊಂಡುಬಂದೆ. ತಿಪಟೂರಿನ ಬಿಸಿಲಿಗೆ ಬರಲ್ಲ ಎಂದು ನಾಲ್ಕು ಜನ ಹೇಳಿದರು. ಬರುತ್ತದೆ. ಒಂದು ಸಲ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರದಿದ್ದರೆ ಇನ್ನೊಂದು ತಂದು ನೆಡುತ್ತೇನೆ. ಪಡುವಲ ಕಡೆಗೆ ಸೋಗೆಯ ತಟ್ಟಿ ಆಗಲೇ ಕಟ್ಟಿಸಿದ್ದೇನೆ.

ಅಂದು ಆ ಆಳು ಉಪ್ಪು ಬಿದ್ದ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿ ಆಚೆ ಹಾಕಿ ಬಂದು, ಆರಿದ ಕಾಫಿ ಕುಡಿಯುತ್ತಾ ಕೂತ. “ಅಲ್ಲಾ ಅವ್ವಾ, ಉಪ್ಪು ಆಗಲ್ಲ ಅಂತ ನಿಮ್ಗೆ ಹೆಂಗ್ ಗೊತ್ತು?” ಎಂದ. ಬಹಳ ಹಿಂದೆ ಇಂಥದ್ದೇ ಒಂದು ಗಿಡ ಇತ್ತು, ಬುಡಕ್ಕೆ ಎರಡು ಸೇರು ಸುರಿದು ಸಾಯಿಸಿಬಿಟ್ಟರು ಎಂದೆ.

ಅವನು ನಕ್ಕ. “ಎರಡು ಸೇರಾ! ಯಾರವ್ವಾ ಹಾಕಿದ್ದು?”

“ನಾನೇ ಹಾಕಿದ್ದು ಕಣಪ್ಪ,” ಎಂದೆ.

ಅವನು ಓಹೋ ಎಂದು ಲೋಟ ಕೆಳಗಿಟ್ಟು ಗುದ್ದಲಿ ಎತ್ತಿಕೊಂಡ. ಅಷ್ಟೇ. ಅಷ್ಟು ಸುಲಭದ ಮಾತಾಗಿತ್ತು ಅದು. ಕೇಳಬೇಕಾಗಿದ್ದವರು ಮಾತ್ರ ಇರಲಿಲ್ಲ.